ಕೇಳಿದ್ರೆ ಮಾತ್ರ ಬರೋ ದನಿ

ನಮ್ಮೂರ ಕಾಲೇಜಲ್ಲಿ ಮೇಷ್ಟ್ರುಗಳ ದನಿ ನಿಂತುಹೋದ ದಿನ ನಾನು ಹಿತ್ತಲಲ್ಲಿ ಅವರೆಕಾಯಿ ಸುಲೀತಾ ಕೂತಿದ್ದೆ. ಇದ್ದಕ್ಕಿದ್ದಂಗೆ ಊರು ಗಪ್ಪಂತ ಕೂತುಬಿಡ್ತು. ನಮ್ಮ ಒಲೆ ಮೇಲೆ ಅನ್ನ ಕುದಿಯೋ ಸದ್ದು ಮುಂದಿನ ಬೀದಿಯೋರಿಗೆ ಕೇಳಿಸ್ತು ಅಂದ್ರೆ ನೀವೇ ಲೆಕ್ಕ ಹಾಕ್ಕೊಳಿ. ಅಲ್ಲೀವರೆಗೆ ನಮ್ಮ ಗವಿರಂಗಪ್ಪ ಮೇಷ್ಟ್ರು ಕ್ಲಾಸಲ್ಲಿ ಬಾಯಿ ತೆಗೆದ್ರೆ ಆ ದನಿ ಕಾಂಪೌಂಡು ಹಾರಿ, ಸಂತೆಮಾಳ ದಾಟಿ, ಎರಡು ಕೆರೆ ಈಜಿಕೊಂಡು ಬಂದು ನಮ್ಮ ಅಡುಗೆಮನೆ ಹಂಚು ಅದುರಿಸ್ತಿತ್ತು. ನಾನು ಸುಳ್ಳು ಹೇಳೋ ಪೈಕಿ ಅಲ್ಲ. ಅನುಮಾನ ಇದ್ರೆ ಬಂದು ಹಂಚು ನೋಡಿ, ಒಂದಾದ್ರೂ ನೆಟ್ಟಗೆ ಕೂತಿದ್ರೆ ಕೇಳಿ.

ಮೇಷ್ಟ್ರು ನಮ್ಮನೆ ಹಿಂದಿನ ರೂಮಿನ ಬಾಡಿಗೆಯೋರು. ಊಟಾನೂ ನಮ್ಮಲ್ಲೇ. ಕಾಲೇಜಲ್ಲಿ ಚರಿತ್ರೆ ಹೇಳೋರು. ಆಳು ಗೇಣುದ್ದ, ದನಿ ಮಾತ್ರ ಆನೇದು. ಮೇಷ್ಟ್ರು ನಿಲ್ಲೋಕೆ ಅಂತ ಕ್ಲಾಸಲ್ಲಿ ಒಂದು ಕಟ್ಟೆ ಇತ್ತಲ್ಲ, ಅದರ ಮೇಲೆ ಹತ್ತಿದ್ರೆ ಮಾತ್ರ ಹಿಂದಿನ ಬೆಂಚಿನೋರಿಗೆ ಅವರ ತಲೆ ಕಾಣ್ತಿತ್ತು. ಮದುವೆ ಆಗ್ಲಿಲ್ಲ. ಯಾಕ್ ಮೇಷ್ಟ್ರೇ ಅಂತ ಕೇಳಿದ್ರೆ, ನಾನಿನ್ನೂ ಎರಡನೇ ರಾಜನ ಕಾಲದಲ್ಲೇ ಇದೀನಮ್ಮ, ಈ ಕಾಲಕ್ಕೆ ಬಂದ್ಮೇಲೆ ನೋಡೋಣ ಅನ್ನೋರು. ಆ ರಾಜರ ವಿಷಯ ಹೇಳೋದು ಕೇಳಿದ್ರೆ ಅವರ ಪಂಕ್ತೀಲೇ ಕೂತು ಉಂಡು ಎದ್ದು ಬಂದಂಗಿರೋದು. ಯಾವ ರಾಜನಿಗೆ ಮೂಲವ್ಯಾಧಿ, ಯಾವ ರಾಣಿಗೆ ಗೊರಕೆ, ಯಾವ ಸೇನಾಪತಿ ಕುದುರೆಗೆ ಹೆದರ್ತಿದ್ದ, ಎಲ್ಲಾ ಗೊತ್ತು. ಗೊತ್ತಿಲ್ಲ ಅನ್ನೋ ಮಾತು ಆ ಬಾಯಲ್ಲಿ ನಾನು ಕೇಳಿದೋಳಲ್ಲ. ಬೆಂಡೆಕಾಯಿ ಯಾಕ್ರೀ ಲೋಳೆ ಲೋಳೆ ಅಂದ್ರೂ ಅದಕ್ಕೊಂದು ರಾಜವಂಶ ತಂದು ನಿಲ್ಲಿಸೋರು.

ಅವತ್ತಿನ ದಿನ ಆಗಿದ್ದು ಇಷ್ಟು. ಕ್ಲಾಸಿನ ಹೊಸಿಲು ದಾಟಿದ್ದೇ ಮೇಷ್ಟ್ರುಗಳ ಬಾಯಿಂದ ದನಿ ಬರಲಿಲ್ಲ. ಹೊರಗೆ ಬಂದ್ರೆ ಸರಿಯಾಗೇ ಬರ್ತಿತ್ತು, ಒಳಗೆ ಹೋದ್ರೆ ಇಲ್ಲ. ಒಂದಷ್ಟು ದಿನ ತಡಕಾಡಿದ್ಮೇಲೆ ಗೊತ್ತಾಯ್ತು, ಹುಡುಗರಲ್ಲಿ ಯಾರಾದ್ರೂ ಎದ್ದು ಏನಾದ್ರೂ ಕೇಳಿದ್ರೆ ಮಾತ್ರ ದನಿ ಬರ್ತದೆ ಅಂತ. ಅದೂ ಸುಮ್ಮನೆ ಕೇಳಿದ್ರೆ ಆಗಲ್ಲ. ತಿಳ್ಕೊಳ್ಳದೇ ಹೋದ್ರೆ ಹೊಟ್ಟೇಲಿರೋದು ಅರಗಲ್ಲ ಅನ್ನೋ ಥರ ಕೇಳ್ಬೇಕು. ಪ್ರಿನ್ಸಿಪಾಲರು ದಿನಕ್ಕೊಬ್ಬ ಎದ್ದು ಕೇಳ್ರಪ್ಪ ಅಂತ ಸರದಿ ಹಚ್ಚಿದ್ರು. ಹುಡುಗರು ಗಿಣಿ ಥರ ಎದ್ದು ಕೇಳೋರು, ಮೇಷ್ಟ್ರುಗಳ ಗಂಟಲಿಂದ ಕೆಮ್ಮು ಬಿಟ್ಟು ಇನ್ನೇನೂ ಬರ್ತಿರಲಿಲ್ಲ. ಒಬ್ಬ ಮಾತ್ರ, ಸಾರ್ ಪರೀಕ್ಷೆಗೆ ಯಾವ ಪಾಠ ಬರ್ತದೆ ಅಂತ ನಿಜವಾಗ್ಲೂ ಕರುಳು ಹಿಂಡಿಕೊಂಡು ಕೇಳಿದ್ನಂತೆ. ನಮ್ಮ ಮೇಷ್ಟ್ರ ಬಾಯಿಂದ "ಐದನೇದು" ಅಂತ ಒಂದೇ ಮಾತು ಹೊರಗೆ ಬಿತ್ತಂತೆ, ಮತ್ತೆ ಬೀಗ.

ಊರಿಗೂರು ಇದಕ್ಕೆ ಒಗ್ಗಿಕೊಳ್ತು, ಊರುಗಳು ಯಾವುದಕ್ಕೆ ಒಗ್ಗಲ್ಲ ಹೇಳಿ. ತಾಯಂದಿರು ಮಕ್ಕಳಿಗೆ, ಮನೇಲಿ ಏನೂ ಕೇಳಿ ಖರ್ಚು ಮಾಡ್ಬೇಡ್ರೋ, ಕಾಲೇಜಿಗೆ ಇಟ್ಕೊಳ್ರೋ ಅಂತ ಬಾಯಿ ಮುಚ್ಚಿಸೋರು. ಮೇಷ್ಟ್ರುಗಳ ಹೆಂಡಂದಿರು ಗಂಡನ ಗಂಟಲಿಗೆ ಅಂತ ಈಡುಗಾಯಿ ಒಡೆದು ಒಡೆದು ಗುಡಿ ಮುಂದೆ ತೆಂಗಿನ ಚಿಪ್ಪಿನ ಗುಡ್ಡ ಎದ್ದು, ಪೂಜಾರಪ್ಪ ಏಣಿ ಹಾಕ್ಕೊಂಡು ಒಳಗೆ ಇಳೀತಿದ್ದ. ಕಾಲೇಜಲ್ಲಿ ಆ ಕಟ್ಟೆಗಳನ್ನೆಲ್ಲ ಕೆಡವಿ ಬೆಂಚು ದುಂಡಗೆ ಹಾಕಿಸಿದ್ರು. ಇನ್ಮೇಲೆ ಮೇಷ್ಟ್ರು ಮುಂದೆ ನಿಲ್ಲೋನಲ್ಲ, ಪಕ್ಕದಲ್ಲಿ ಕೂರೋನು ಅಂತ ಪ್ರಿನ್ಸಿಪಾಲರು ಹೇಳಿದ್ರು. ಕಟ್ಟೆ ಹೋದ ದಿನ ನಮ್ಮ ಮೇಷ್ಟ್ರು ಮನೆಗೆ ಬಂದು, ನಾನು ಎಲ್ಲಿದೀನಿ ಅಂತ ಹುಡುಗರು ಹುಡುಕ್ತಿದ್ರಮ್ಮ ಅಂದ್ರು. ನಾನು ನಕ್ಕೆ. ಅವರು ನಗಲಿಲ್ಲ. ನಾನು ಸಾರು ಬಡಿಸಿದೆ.

ಹುಡುಗರು ಕೇಳೋದಾದ್ರೂ ಏನು ಪಾಪ. ಕೈಯಲ್ಲಿ ಫೋನಿದೆ, ಅದು ಇವರು ಬಾಯಿ ತೆಗೆಯೋ ಮುಂಚೇನೇ ಹೇಳ್ಬಿಡ್ತದೆ. ನಮ್ಮ ಬೀದಿ ಕೊನೆ ಮನೆ ಹುಡುಗನ್ನ ಒಂದ್ಸಲ ಕರೆದು, ನಿನಗೆ ಏನೂ ತಿಳ್ಕೋಬೇಕು ಅಂತ ಅನ್ಸಲ್ವೇನೋ ಅಂದೆ. ತಿಳ್ಕೊಂಡಾಯ್ತಲ್ಲಜ್ಜಿ ಅಂದ. ಏನು ತಿಳ್ಕೊಂಡ್ಯೋ ಅಂದ್ರೆ, ಅದನ್ನ ನೋಡಿ ಹೇಳ್ಬೇಕಾಗ್ತದೆ ಅಂದ. ಹೊಟ್ಟೆ ತುಂಬಿದೆ, ಏನು ತಿಂದೆ ಅಂತ ನೆನಪಿಲ್ಲ. ಅಂಥೋರ ಮುಂದೆ ಬಾಳೆ ಎಲೆ ಹಾಕಿ ಏನು ಪ್ರಯೋಜನ.

ಆದ್ರೂ ಕೆಲವರು ದಡ ಸೇರಿದ್ರು. ಗಿಡಮರದ ಪಾಠ ಹೇಳೋ ಜರೀನಾ ಮೇಡಂ ಅಂತ ಒಬ್ಬ ಹುಡುಗಿ, ಕಾಲೇಜಿಗೆ ಹೊಸದಾಗಿ ಬಂದಿದ್ಲು. ಅವಳು ಕ್ಲಾಸಿಗೆ ಹೋಗಿ ಒಂದು ಹುಣಸೆ ಕೊಂಬೆ ಮೇಜಿನ ಮೇಲಿಟ್ಟು ಸುಮ್ಮನೆ ಕೂತುಬಿಡೋಳಂತೆ. ಸಾಯಂಕಾಲ ಆಗ್ತಿದ್ದಂಗೆ ಎಲೆ ಮಡಚಿಕೊಳ್ತಲ್ಲ, ಯಾರೋ ಒಬ್ಬ, ಇದ್ಯಾಕ್ ಮೇಡಂ ಮಲಗ್ತು ಅಂತ ಕೇಳ್ದ. ದನಿ ಬಂತು. ಅವಳು ಅರ್ಧ ಹೇಳಿ, ಉಳಿದಿದ್ದು ನೀವೇ ನಿಮ್ಮ ಹಿತ್ತಲಲ್ಲಿ ನೋಡ್ಕೊಂಡು ಬನ್ನಿ ಅಂದ್ಲು. ಮಾರನೇ ದಿನ ಹುಡುಗರು ಜೇಬು ತುಂಬ ಪ್ರಶ್ನೆ ತುಂಬಿಕೊಂಡು ಬಂದ್ರಂತೆ. ಅಲ್ಲಿಂದ ಅವಳ ದನಿ ನಿಲ್ಲೋದೇ ಇಲ್ಲ. ಊರೆಲ್ಲ ಅವಳ ಹುಣಸೆಮರದ ಮಾತೇ.

ನಮ್ಮ ಮೇಷ್ಟ್ರದು ಬೇರೆ ಥರ ಆಯ್ತು. ಹಿಂಡದೆ ಬಿಟ್ಟ ಹಸು ಬತ್ತಿ ಹೋಗ್ತದಲ್ಲ, ಹಂಗೆ ಕ್ಲಾಸಲ್ಲಿ ಬರದೇ ಉಳಿದ ದನಿ ಮನೇಲೂ ಕಮ್ಮಿ ಆಗ್ತಾ ಬಂತು. ಮೊದಲು ಊಟಕ್ಕೆ ಕೂತ್ರೆ ಮೂರು ಯುದ್ಧ ಮುಗಿಸಿ ಏಳೋರು. ಆಮೇಲೆ ಒಂದು. ಆಮೇಲೆ ಒಂದು ಯುದ್ಧದಲ್ಲಿ ಸೈನ್ಯ ಹೊರಡೋದ್ರೊಳಗೆ ಸುಸ್ತು. ಅವರ ಜೊತೆಯ ಇನ್ನೊಬ್ಬ ಮೇಷ್ಟ್ರಿಗೆ ಇದೇ ಥರ ಆಗಿ, ಪೂರ್ತಿ ಬತ್ತಿಹೋಗಿ, ಈಗ ಅಂಗಡೀಲಿ ಸಕ್ಕರೇನೂ ಕೈಸನ್ನೇಲಿ ಕೇಳ್ತಾರೆ. ಕಾಲೇಜಿನೋರು ಅವರನ್ನ ಹಾಜರಿ ಹಾಕೋಕೆ ಮೂಲೇಲಿ ಕೂರಿಸಿದಾರೆ. ಗವಿರಂಗಪ್ಪ ಮೇಷ್ಟ್ರು ಅವರನ್ನ ದಾರೀಲಿ ನೋಡಿದ ದಿನ ಊಟ ಬಿಡ್ತಿದ್ರು. ಈ ವರ್ಷದ ಪಾಠ ಮುಗಿಯೋದ್ರೊಳಗೆ ದನಿ ತಿರುಗಿ ಬರದೇ ಹೋದ್ರೆ ನಿಮ್ಮನ್ನೂ ಆ ಮೂಲೆಗೇ ಹಾಕೋದು ಅಂತ ಪ್ರಿನ್ಸಿಪಾಲರು ಹೇಳಿ ಆಗಿತ್ತು.

ನಾನು ನೋಡೋಷ್ಟು ನೋಡಿ ಜರೀನಾ ಮೇಡಮ್ಮನ್ನ ಮನೆಗೆ ಕರೆಸಿದೆ. ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟೆ. ಅವಳು ಮೇಷ್ಟ್ರ ಕಡೆ ನೋಡಿ ಮೆಲ್ಲಗೆ, ಸಾರ್, ಊರಾಚೆ ಹಳೇ ಕೋಟೆ ಇದೆ, ಕಲ್ಲಿದೆ, ಹುಡುಗರನ್ನ ಕರಕೊಂಡು ಹೋಗಿ ಅಲ್ಲಿ ಬಿಟ್ಟುಬಿಡಿ, ಏನಾದ್ರೂ ಕಾಣ್ತದೆ, ಕೇಳ್ತಾರೆ ಅಂದ್ಲು. ಕೇಳಿದಾಗ್ಲೂ ಎಲ್ಲಾ ಹೇಳ್ಬೇಡಿ, ಅರ್ಧ ಹೇಳಿ ನಿಲ್ಲಿಸಿ ಅಂದ್ಲು.

"ಅರ್ಧ ಬಡಿಸಿ ಎಲೆ ಎತ್ತೋದು ಯಾವ ಸೀಮೆ ಊಟ ಕಣಮ್ಮ?" ಅಂದ್ರು ಮೇಷ್ಟ್ರು. ದನಿ ಅಷ್ಟೊತ್ತಿಗಾಗ್ಲೇ ಗೋಣಿಚೀಲ ಎಳೆದಂಗಿತ್ತು. "ನಾನು ಅಷ್ಟೊಂದು ಓದಿರೋದು ಬಚ್ಚಿಡೋಕಲ್ಲ."

"ಬಚ್ಚಿಡೋದಲ್ಲ ಸಾರ್. ಅವರಿಗೂ ಒಂದು ತುತ್ತು ಕೈಯಾರೆ ಎತ್ಕೊಳ್ಳೋಕೆ ಬಿಡೋದು."

ಮೇಷ್ಟ್ರು ಎದ್ದು ಒಳಗೆ ಹೋದ್ರು. ಅವರ ಕಾಫಿ ತಣ್ಣಗಾಯ್ತು, ಅದನ್ನೂ ನಾನೇ ಕುಡಿದೆ. ನನ್ನ ಗಂಡ ಬದುಕಿದ್ದಾಗ ಅವನ ಕಾಫೀನೂ ಹಿಂಗೇ ತಣ್ಣಗಾಗ್ತಿತ್ತು. ಗಂಡಸರ ಕೋಪಕ್ಕೆ ನಾನು ಕುಡಿದಿರೋ ತಣ್ಣನೆ ಕಾಫಿ ಹೊಳೆಗೆ ಬಿಟ್ಟಿದ್ರೆ ಎರಡು ದಡ ತುಂಬಿ ಹರೀತಿತ್ತು.

ಆದ್ರೂ ಆ ಮಾತು ಎಲ್ಲೋ ನಾಟಿರ್ಬೇಕು. ಒಂದು ದಿನ ಹುಡುಗರನ್ನೆಲ್ಲ ಕೋಟೆಗೆ ಕರಕೊಂಡು ಹೋದ್ರಂತೆ. ಹೊರಗಡೆ ದನಿ ಬರ್ತಿತ್ತಲ್ಲ, ಬಾಯಿಬಿಟ್ರೆ ಎಲ್ಲಾ ಹೇಳ್ಬಿಡ್ತೀನಿ ಅಂತ ಹೆದರಿ ಬಾಯಿಗೆ ಟವಲು ಸುತ್ತಿಕೊಂಡು, ಹಲ್ಲು ನೋವು ಅಂತ ಸುಳ್ಳು ಹೇಳಿ ಬಂಡೆ ಮೇಲೆ ಕೂತಿದ್ರಂತೆ. ಅವರು ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟಿದ್ದು ಅದೊಂದೇ ಸಲ. ಮಾರನೇ ದಿನ ಕ್ಲಾಸಲ್ಲಿ ಹಂಸವೇಣಿ ಅನ್ನೋ ಹುಡುಗಿ ಎದ್ಲು. ಕುಂಬಾರಗೇರಿಯೋಳು, ಬೆಳಗಿಂದ ಸಂಜೆವರೆಗೆ ಎರಡು ಮಾತಾಡಿದ್ರೆ ಹೆಚ್ಚು. ಅವಳು, ಸಾರ್, ಕೋಟೆ ಬಾಗಿಲಿನ ಅಗುಳಿ ಹೊರಗಡೆ ಇದೆಯಲ್ಲ, ಒಳಗಿರೋರು ಅದನ್ನ ಹೆಂಗೆ ಹಾಕ್ಕೊಳ್ತಿದ್ರು ಅಂತ ಕೇಳಿದ್ಲಂತೆ. ರಾತ್ರಿಯೆಲ್ಲ ಯೋಚನೆ ಮಾಡಿ ನಿದ್ದೆ ಕೆಟ್ಟಿದ್ದು ಮುಖದಲ್ಲೇ ಕಾಣ್ತಿತ್ತಂತೆ.

ದನಿ ಬಂತು. ಬಂತು ಅಂದ್ರೆ ಹೆಂಗೆ, ಕೆರೆ ಕೋಡಿ ಒಡೆದಂಗೆ. ನಾನು ಸಂತೇಲಿ ಬದನೆಕಾಯಿ ಆರಿಸ್ತಿದ್ದೋಳು ಅಲ್ಲೇ ಕೈಬಿಟ್ಟೆ, ತಕ್ಕಡಿ ತೂಗೋನು ತೂಗೋದು ನಿಲ್ಲಿಸ್ದ, ಹಿತ್ತಲಲ್ಲಿದ್ದ ಕೋಳಿ ಮೊಟ್ಟೆ ಇಡೋದು ಮರೀತು. ಒಳಗಿರೋರು ಅದನ್ನ ಹಾಕ್ಕೊಳ್ತಿರಲಿಲ್ಲ, ಯಾಕಂದ್ರೆ ಕಡೆಗಾಲದಲ್ಲಿ ಅದು ಕೋಟೆಯಾಗಿ ಉಳಿದಿರಲಿಲ್ಲ, ಸೆರೆಮನೆ ಆಗಿತ್ತು ಅಂದ್ರು. ಅಲ್ಲಿಗೆ ನಿಲ್ಲಿಸಿದ್ರೆ ಆಗಿತ್ತು. ಯಾರನ್ನ ಕೂಡಿಹಾಕಿದ್ರು, ಯಾಕೆ, ಅಂತ ಇಡೀ ಕ್ಲಾಸು ಬಾಯಿ ಬಿಟ್ಕೊಂಡು ಕೂತಿತ್ತಂತೆ. ಆದ್ರೆ ತಿಂಗಳುಗಟ್ಟಲೆ ಹಸಿದಿದ್ದ ಬಾಯಿ ನಿಲ್ತದಾ. ಕೂಡಿಹಾಕಿದ್ದು ಯಾರನ್ನ, ಅವರ ಅಪ್ಪ ಯಾರು, ಅಜ್ಜ ಯಾರು, ಬಾಗಿಲಿನ ಮರ ಯಾವ ಕಾಡಿಂದ ಬಂತು, ಆ ಕಾಡಿಗೆ ಬೆಂಕಿ ಬಿದ್ದಿದ್ದು ಯಾವಾಗ, ಮೊಳೆ ಹೊಡೆದ ಕಮ್ಮಾರನ ಗೋತ್ರ ಯಾವುದು, ಒಂದೂ ಬಿಡದೆ ಹೇಳಿದ್ರು. ಗಂಟೆ ಹೊಡೀತು, ಮುಂದಿನ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತ್ರು, ಇವರು ಕೈಸನ್ನೆ ಮಾಡಿ ಆಚೆ ಕಳಿಸಿದ್ರು. ಹೊತ್ತು ಮುಳುಗೋ ಹೊತ್ತಿಗೆ ಆ ಅಗುಳಿ ಬಗ್ಗೆ ಭೂಮಿ ಮೇಲೆ ಹೇಳ್ಬೇಕಾಗಿದ್ದು ಒಂದಕ್ಷರ ಉಳಿದಿರಲಿಲ್ಲ.

ಮನೆಗೆ ಬಂದಾಗ ಮುಖ ದೀಪ ಹಚ್ಚಿದಂಗಿತ್ತು. ಮುದ್ದೆ ಮೇಲೆ ಮುದ್ದೆ ನುಂಗಿದ್ರು. ನಾನು ಕಲ್ಲಿನ ಗುಂಡು ಇಟ್ಟಿದ್ರೂ ಸಾರಲ್ಲಿ ಅದ್ದಿ ನುಂಗಿಬಿಡೋರು. ನೋಡಿದ್ರಾಮ್ಮ, ನೀರಿದ್ದ ಬಾವಿ ನೀರಿದ್ದಂಗೇ ಇದೆ, ಒಂದು ಹಗ್ಗ ಬೇಕಿತ್ತು ಅಷ್ಟೇ ಅಂದ್ರು. ನನಗೂ ಖುಷಿ ಆಯ್ತು. ನಾನು ಹೇಳ್ಬೇಕಾದ್ದು ಹೇಳ್ಲಿಲ್ಲ, ಯಾಕಂದ್ರೆ ನನಗೂ ಅವಾಗ ಗೊತ್ತಾಗ್ಲಿಲ್ಲ.

ಮಾರನೇ ದಿನ ಯಾರೂ ಏಳಲಿಲ್ಲ. ಅದರ ಮಾರನೇ ದಿನಾನೂ ಇಲ್ಲ. ಮೇಷ್ಟ್ರು ಆ ದುಂಡನೆ ಬೆಂಚಿನ ಮಧ್ಯ ನಿಂತು ಒಬ್ಬೊಬ್ಬರ ಮುಖ ನೋಡ್ತಾ, ಹಂಸವೇಣಿ ಮುಖ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ನೋಡ್ತಾ ನಿಲ್ಲೋರಂತೆ. ಆ ಹುಡುಗಿ ತಲೆ ತಗ್ಗಿಸೋಳಂತೆ. ಒಂದು ದಿನ ಅವಳು ಹೊಸ ಮಡಕೆ ಕೊಡೋಕೆ ಅಂತ ನಮ್ಮನೆಗೆ ಬಂದಾಗ ನಾನು ಹಿಡಿದು ಕೂರಿಸಿ, ಏನೇ ಹುಡುಗಿ, ಒಂದ್ಸಲ ಹಗ್ಗ ಬಿಟ್ಟೆ, ಇನ್ನೊಂದ್ಸಲ ಬಿಡೋಕೆ ಏನು ಧಾಡಿ ನಿನಗೆ ಅಂದೆ.

"ಏನ್ ಕೇಳ್ಲಿ ಅಜ್ಜಿ?" ಅಂದ್ಲು. "ಅಗುಳಿ ಹೊರಗಡೆ ಯಾಕೆ ಅಂತ ನನಗೆ ಎಷ್ಟೊಂದು ಅನ್ಸಿತ್ತು. ನಾನೇ ಏನೇನೋ ಅಂದ್ಕೊಂಡಿದ್ದೆ. ಸಾರ್ ಎಲ್ಲಾ ಹೇಳ್ಬಿಟ್ರು. ನಾನು ಅಂದ್ಕೊಂಡಿದ್ದು ಹೇಳೋಕೂ ಜಾಗ ಉಳೀಲಿಲ್ಲ."

ಕಣ್ಣಲ್ಲಿ ನೀರು ತುಂಬ್ಕೊಂಡು ಹೇಳಿದ್ಲು. ಒಳಗೆ ಅನ್ನ ಕಲಸ್ತಾ ಕೂತಿದ್ದ ಮೇಷ್ಟ್ರಿಗೆ ಇದೆಲ್ಲ ಕೇಳಿಸ್ತು ಅಂತ ನನಗೆ ಗೊತ್ತಾಗಿದ್ದು ತಟ್ಟೆ ತೊಳೆಯೋಕೆ ಹೋದಾಗ. ಬಡಿಸಿದ್ದು ಬಡಿಸಿದಂಗೇ ಇತ್ತು.

ಅಲ್ಲಿಂದ ಮುಂದೆ ದನಿ ಬೇಗ ಬೇಗ ಹೋಯ್ತು. ಸೂಜಿ ದಾರದಷ್ಟಾಯ್ತು, ಆಮೇಲೆ ಜೇಡದ ಎಳೆಯಷ್ಟಾಯ್ತು. ಒಂದು ಲೋಟ ನೀರು ಕೇಳ್ಬೇಕಾದ್ರೆ ನನ್ನ ಕಿವಿ ಹತ್ರ ಬಾಯಿ ತರ್ಬೇಕಿತ್ತು. ನನಗೆ ಮೊದಲೇ ಕಿವಿ ಮಂದ. ಇಬ್ಬರೂ ಒಂದು ಲೋಟ ನೀರಿಗೆ ಅರ್ಧ ಗಂಟೆ ಒದ್ದಾಡ್ತಿದ್ವಿ. ಕಾಲೇಜಿಗೆ ಮಾತ್ರ ತಪ್ಪದೆ ಹೋಗೋರು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಬ್ಯಾಗು ತಗಲಾಕ್ಕೊಂಡು ಹೋಗಿ, ದಿನವೆಲ್ಲ ನಿಂತು ಬರೋರು. ಫೋನು ನೋಡೋ ಹುಡುಗರು ಇವರು ಬೆಳಕಿಗೆ ಅಡ್ಡ ಆದ್ರೆ ಸಾರ್ ಸ್ವಲ್ಪ ಆ ಕಡೆ ಅನ್ನೋರಂತೆ. ಇವರು ಸ್ವಲ್ಪ ಆ ಕಡೆ ಹೋಗೋರಂತೆ.

ಪ್ರಶ್ನೆಗಳಿಗೆ ಬರ ಬಿದ್ದಿದೆ ಅಂತ ಕಾಲೇಜಿನೋರು ಅಷ್ಟೊತ್ತಿಗೆ ಬಾಗಿಲು ತೆಗೆದುಬಿಟ್ಟಿದ್ರು. ಊರಿನೋರು ಯಾರಿಗಾದ್ರೂ ಏನಾದ್ರೂ ತಿಳ್ಕೊಳ್ಳೋದಿದ್ರೆ ಬಂದು ಬೆಂಚಲ್ಲಿ ಕೂರಬಹುದು ಅಂತ ತಮಟೆ ಹೊಡೆಸಿದ್ರು. ಅಂಗಡಿಯೋರು, ದರ್ಜಿ, ಎಲ್ಲಾ ಒಂದೊಂದ್ಸಲ ಹೋಗಿ ಬಂದಿದ್ರು. ಪಾಠ ಮುಗಿಯೋ ಕೊನೇ ದಿನ ನಾನು ಹೊರಟೆ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಕಾಲೇಜಿನ ಬೆಂಚು ನನ್ನನ್ನ ನೋಡಿ ನಕ್ಕು ಕಾಲು ಮುರ್ಕೊಳ್ಳುತ್ತೇನೋ ಅಂದ್ಕೊಂಡಿದ್ದೆ. ಕೆಂಪಾಜಮ್ಮ ಕಾಲೇಜಿಗೆ ಸೇರಿದ್ಲು ಅಂತ ದಾರಿಯುದ್ದಕ್ಕೂ ಜನ ಹಲ್ಲು ಕಿರಿದ್ರು. ನಾನೂ ಕಿರಿದೆ. ಹುಡುಗಿಯೊಬ್ಬಳು ಸರಿದು ಜಾಗ ಕೊಟ್ಲು, ನೋಡಿದ್ರೆ ಹಂಸವೇಣಿ.

ಮೇಷ್ಟ್ರು ನನ್ನನ್ನ ನೋಡಿ, ಬೇಡ ಅನ್ನೋ ಥರ ತಲೆ ಆಡಿಸಿದ್ರು. ಕನಿಕರಕ್ಕೆ ಕೇಳಿದ್ರೆ ದನಿ ಬರಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆದ್ರೆ ನಾನು ಕನಿಕರಕ್ಕೆ ಹೋಗಿರಲಿಲ್ಲ. ನನಗೆ ಒಂದು ವಿಷಯ ಬೇಕಿತ್ತು. ನಮ್ಮೂರಿನ ಕಡೇ ರಾಜ ಸೋತು ಓಡಿಹೋಗ್ಬೇಕಾದ್ರೆ ಊರಿನ ಗಂಡಸರನ್ನೆಲ್ಲ ಜೊತೇಲಿ ಕರಕೊಂಡು ಹೋದ, ಒಬ್ಬನೂ ತಿರುಗಿ ಬರಲಿಲ್ಲ ಅನ್ನೋ ಕಥೆ ಇವರು ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ರು. ಎಷ್ಟು ಕುದುರೆ, ಯಾವ ಬಣ್ಣದ ಬಾವುಟ, ರಾಜನ ರುಮಾಲು ಯಾವ ಮುಳ್ಳಿಗೆ ಸಿಕ್ಕಿ ಹರೀತು, ಎಲ್ಲಾ ಹೇಳೋರು. ನಾನು ಮಜ್ಜಿಗೆ ಬಡಿಸ್ತಾ ಹೂಂಗುಟ್ತಿದ್ದೆ. ಆದ್ರೆ ನನ್ನ ಗಂಡ ಹೋದ ಮಾರನೇ ಬೆಳಗ್ಗೆ ನಾನು ಎದ್ದು, ಸ್ನಾನ ಮಾಡೋರು ಯಾರೂ ಇಲ್ಲ ಅಂತ ಗೊತ್ತಿದ್ದೂ ಹಂಡೆ ತುಂಬಿಸಿ ನೀರೊಲೆಗೆ ಉರಿ ಹಾಕಿದ್ದೆ. ನೀರು ಕುದ್ದು ಕುದ್ದು ಆರಿತು. ಅವತ್ತಿಂದ ನನ್ನ ಹೊಟ್ಟೇಲಿ ಇದೊಂದು ಕೂತಿತ್ತು, ಯಾರ ಹತ್ರಾನೂ ಕೇಳಿರಲಿಲ್ಲ. ಎದ್ದು ನಿಂತೆ. ಮಂಡಿ ಲಟಕ್ ಅಂತು, ಹುಡುಗರು ನಕ್ರು.

"ಮೇಷ್ಟ್ರೇ, ಕಡೇ ರಾಜ ಗಂಡಸರನ್ನೆಲ್ಲ ಕರಕೊಂಡು ಹೋದನಲ್ಲ. ಮಾರನೇ ದಿನ ಬೆಳಗಾದಾಗ ಆ ಹೆಂಗಸರು ಎದ್ದು ಮೊದಲು ಏನ್ ಮಾಡಿದ್ರು?"

ನಗು ನಿಂತುಹೋಯ್ತು. ಮೇಷ್ಟ್ರ ಗಂಟಲು ಆಡಿದ್ದು ನನಗೆ ಕಾಣಿಸ್ತು. ದನಿ ಬರ್ತಾ ಇದೆ ಅಂತ ಅವರಿಗೆ ಗೊತ್ತಾಯ್ತು, ಮುಖದಲ್ಲಿ ಆ ಹಳೇ ದೀಪ ಹತ್ತಿಕೊಳ್ತು. ಕುದುರೆ, ಬಾವುಟ, ರುಮಾಲು, ಎಲ್ಲಾ ತಡಕಾಡಿರ್ಬೇಕು ಪಾಪ. ಕಣ್ಣು ಅತ್ತ ಇತ್ತ ಓಡ್ತು. ಆಮೇಲೆ ಬಾಯಿ ತೆಗೆದ್ರು. ಬಂದಿದ್ದು ಆನೆ ದನೀನೇ, ಕಿಟಕಿ ಗಾಜು ಅದುರ್ತು.

"ಗೊತ್ತಿಲ್ಲ."

ಅಷ್ಟೇ. ಅವರ ಬಾಯಿಂದ ನಾನು ಕೇಳಿದ ಕೊನೇ ಮಾತು ಅದು, ಇವತ್ತಿಗೂ. ಈಗ ಹಾಜರಿ ಮೂಲೇಲಿ ಕೂರ್ತಾರೆ, ನೀರು ಬೇಕಾದ್ರೆ ಲೋಟ ಕುಕ್ತಾರೆ, ನಾನು ತುಂಬಿಸಿ ಕೊಡ್ತೀನಿ. ಆದ್ರೆ ಅವತ್ತು ಆ ಮಾತು ಬಿದ್ದಾಗ ಕ್ಲಾಸಲ್ಲಿ ಏನಾಯ್ತು ಅಂತ ಅವರು ನೋಡ್ಲೇ ಇಲ್ಲ. ಯಾರೋ ನಾಕು ಜನರ ಮುಂದೆ ಪಂಚೆ ಎಳೆದಂಗೆ ಮುಖ ಮಾಡ್ಕೊಂಡು, ಬ್ಯಾಗು ಎದೆಗೆ ಒತ್ತಿ ಹಿಡ್ಕೊಂಡು, ದುಂಡನೆ ಬೆಂಚುಗಳ ಸಂದೀಲಿ ನುಸುಳಿ ಹೊರಟುಬಿಟ್ರು. ನಾನು ಮೇಷ್ಟ್ರೇ, ಮೇಷ್ಟ್ರೇ ಅಂತ ಕೂಗಿದೆ. ತಿರುಗಲಿಲ್ಲ.

ಹುಡುಗರ ಕೈಯಲ್ಲಿ ಒಂದು ಫೋನೂ ಇರಲಿಲ್ಲ ಆಗ, ಎಲ್ಲಾ ಮಡಿಲಿಗೆ ಜಾರಿದ್ವು. ಎಲ್ಲರೂ ಬಾಗಿಲ ಕಡೆ ನೋಡ್ತಿದ್ರು. ಹಂಸವೇಣಿ ನನ್ನ ಪಕ್ಕದಿಂದ ಎದ್ದು ನಿಂತಿದ್ಲು, ಕೈ ಎತ್ತಿದ್ಲು, "ಸಾರ್, ಹಂಗಾದ್ರೆ" ಅಂತ ಶುರುನೂ ಮಾಡಿದ್ಲು. ಹಿಂದಿನ ಬೆಂಚಲ್ಲಿ ಇನ್ನೂ ಇಬ್ಬರು ಏಳ್ತಿದ್ರು. ಮಧ್ಯದಲ್ಲಿ ಮೇಷ್ಟ್ರು ನಿಲ್ತಿದ್ದ ಜಾಗ ಖಾಲಿ ಇತ್ತು. ಅವಳು ಎತ್ತಿದ ಕೈ ಇಳಿಸದೆ ಆ ಖಾಲಿ ಜಾಗ ನೋಡ್ತಾ ನಿಂತ್ಲು.